ಖಾಲಿ ಸಿಲಿಂಡರಿಗೆ ಇಟ್ಟ ಕುಂಕುಮ

ಸಣ್ಣ ಕೈಗಾರಿಕೆಗಳ ಸುರಕ್ಷತಾ ಸಲಹಾಧಿಕಾರಿಗಳ ಸನ್ನಿಧಾನಕ್ಕೆ, ಚಿತ್ರದುರ್ಗ

ಮಾನ್ಯರೇ,

ಹೊಸದುರ್ಗದಲ್ಲಿರುವ ನನ್ನ ತೆಂಗಿನ ನಾರಿನ ಶೆಡ್ಡಿಗೆ ತಾವು ತಂದು ನೇತುಹಾಕಿಸಿದ ಬೆಂಕಿ ಆರಿಸುವ ಸಿಲಿಂಡರು ಖಾಲಿಯಾಗಿತ್ತು. ಶೆಡ್ಡು ಸುಟ್ಟುಹೋದ ಮೇಲೆ ತಾವು ಬರೆದ ವರದಿಯಲ್ಲಿ ಮಾತ್ರ, "ಬರಗೇರಮ್ಮ ಎಂಬ ಕೂಲಿ ಹೆಂಗಸು ಮೌಢ್ಯದಿಂದ ಸದರಿ ಉಪಕರಣವನ್ನು ಪೂಜಿಸಿ, ಅದರ ಕೊಳವೆಯ ಬಾಯಿಗೆ ಕುಂಕುಮ ಮೆತ್ತಿದ್ದರಿಂದ ಅದು ಕೆಲಸ ಮಾಡಲಿಲ್ಲ" ಎಂದಿದೆ. ನನ್ನ ತಕರಾರು ಈ ಒಂದೇ ವಾಕ್ಯದ ಮೇಲೆ. ಶೆಡ್ಡನ್ನು ನಾನು ಹೇಗೋ ಮತ್ತೆ ಕಟ್ಟಿಕೊಳ್ಳುತ್ತೇನೆ. ಈ ವಾಕ್ಯವನ್ನು ತಾವು ವಾಪಸು ತೆಗೆದುಕೊಳ್ಳಬೇಕು.

ಕಳೆದ ಶ್ರಾವಣದಲ್ಲಿ ತಾವು ನಮ್ಮೂರಿಗೆ ಬಂದದ್ದು ತಮಗೆ ನೆನಪಿರಬಹುದು. ಹಿರಿಯೂರು, ಹೊಳಲ್ಕೆರೆಗಳಲ್ಲಿ ಭಾಷಣ ಮುಗಿಸಿ ಬಂದಿದ್ದಿರಿ, ಗಂಟಲು ಕಟ್ಟಿತ್ತು. ಎಣ್ಣೆ ಗಾಣದವರು, ಹಿಟ್ಟಿನ ಗಿರಣಿಯವರು, ಮರ ಕೊಯ್ಯುವವರು, ಹುರಿ ಹೊಸೆಯುವ ನಾವು, ಎಲ್ಲರನ್ನೂ ಸಾಲಾಗಿ ಕೂರಿಸಿ "ಮುಂಜಾಗ್ರತೆ" ಎಂಬ ಮಾತನ್ನು ಮಂತ್ರದ ಹಾಗೆ ಹೇಳಿದಿರಿ. ನಮ್ಮ ಹೆಂಗಸರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಮನೆಯಲ್ಲಿ ಹಾಲು ಉಕ್ಕಿದರೂ "ಮುಂಜಾಗ್ರತೆ ಇಲ್ಲೇನೇ ನಿಂಗೆ?" ಎಂದು ಸೊಸೆಯಂದಿರನ್ನು ಬೈಯತೊಡಗಿದರು. ಸರ್ಕಾರದವರು ನಮ್ಮಂಥವರ ಜೀವದ ಬಗ್ಗೆಯೂ ಯೋಚಿಸುತ್ತಾರೆ ಎಂದು ನಾವು ನಿಜವಾಗಿಯೂ ನಂಬಿದೆವು. ಆ ನಂಬಿಕೆಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಮರುವಾರ ತಾವೇ ಖುದ್ದಾಗಿ ನನ್ನ ಶೆಡ್ಡಿಗೆ ದಯಮಾಡಿಸಿದಿರಿ. ಆಗಷ್ಟೇ ರಾಟೆಗಳಿಗೆ ಕರೆಂಟಿನ ಮೋಟಾರು ಕೂರಿಸಿದ್ದೆವು. ನಾರು ನೆನೆಸಲು ಬಾಗಿಲ ಪಕ್ಕದಲ್ಲೇ ಒಂದು ದೊಡ್ಡ ನೀರಿನ ಡ್ರಮ್ಮು ಇತ್ತು. ಅದನ್ನು ಕಂಡದ್ದೇ ತಾವು ಹಾವು ಕಂಡವರಂತೆ ಹಿಂದೆ ಸರಿದಿರಿ. "ಮೋಟಾರಿನ ಹತ್ತಿರ ನೀರಾ? ಎಲ್ಲರೂ ಸಾಯಬೇಕು ಅಂತ ಮಾಡಿದ್ದೀರೇನ್ರೀ? ಮೊದಲು ಇದನ್ನ ಆಚೆ ಹಾಕಿಸಿ" ಎಂದಿರಿ. ಹಾಕಿಸಿದೆವು. ಡ್ರಮ್ಮು ಹಿತ್ತಲ ಬಾವಿಯ ಬಳಿ ಹೋಯಿತು. ಅದಿದ್ದ ಜಾಗದ ಮೇಲೆ, ಗೋಡೆಗೆ ಮೊಳೆ ಹೊಡೆದು, ತಮ್ಮ ಜವಾನ ಜೀಪಿನಿಂದ ಕೆಂಪು ಸಿಲಿಂಡರನ್ನು ಒಂದೇ ಕೈಯಲ್ಲಿ ತಂದು ತೂಗುಹಾಕಿದ. ಇಷ್ಟು ಹಗುರವೇ ಎಂದು ನಾನು ಕೇಳಿದ್ದಕ್ಕೆ, "ಹೊಸ ತಂತ್ರಜ್ಞಾನ ಅಮ್ಮಾ" ಎಂದು ನಕ್ಕಿರಿ. ಆಪತ್ತಿನಲ್ಲಿ ಇದನ್ನು ತಲೆಕೆಳಗು ಮಾಡಿ, ಅದರ ಗುಬುಟನ್ನು ನೆಲಕ್ಕೆ ಕುಟ್ಟಿದರೆ ಒಳಗಿನ ಸೋಡಾನೀರು ಚಿಮ್ಮಿ ಬೆಂಕಿ ಆರುತ್ತದೆ, ಅಲ್ಲಿಯವರೆಗೆ ಯಾರೂ ಅಲುಗಾಡಿಸಕೂಡದು ಎಂದು ಅಪ್ಪಣೆಯಾಯಿತು. ಯಾರೂ ಮುಟ್ಟಲಿಲ್ಲ. ತಮ್ಮ ಅಪ್ಪಣೆ ಅಷ್ಟು ಒಳ್ಳೆಯ ಬೀಗವಾಗಿತ್ತು.

ಇನ್ನು ಆ ಪೂಜೆಯ ವಿಷಯ. ಬರಗೇರಮ್ಮ ನನ್ನಲ್ಲಿ ಹುರಿ ಹೊಸೆಯುವ ಹೆಂಗಸರಲ್ಲಿ ಹಿರಿಯಳು. ಅವಳ ಗಂಡ ಕುರಿ ಕಾಯುತ್ತಾನೆ. ಅವರ ಕೇರಿಯಲ್ಲಿ ಹೊಸ ಮಗ್ಗ ಹೂಡಿದರೂ ಹೊಸ ಒಲೆ ಹಾಕಿದರೂ ಮೊದಲ ಕುಂಕುಮ ಅವಳ ಕೈಯದೇ ಆಗಬೇಕು. ಅವಳ ಕೈಗುಣ ಚೆನ್ನ ಎಂದು ಹೆಸರು. ಅವಳು ಆ ಸಿಲಿಂಡರಿಗೆ ಕೆಂಪಣ್ಣ ಎಂದು ಹೆಸರಿಟ್ಟಿದ್ದಳು. ಆಯುಧಪೂಜೆಯ ದಿನ ರಾಟೆಗೆ, ಮೋಟಾರಿಗೆ, ತಕ್ಕಡಿಗೆ ಕುಂಕುಮ ಇಟ್ಟವಳು ಕೆಂಪಣ್ಣನ ಮುಂದೆಯೂ ನಿಂತಳು. ಅವತ್ತು ತಾವೂ ಇದ್ದಿರಿ. ಮುಟ್ಟಬಹುದೋ ಬಾರದೋ ಎಂದು ಅವಳು ತಮ್ಮನ್ನೇ ಕೇಳಿದಳು.

"ಇವ್ನೂ ನಮ್ಮನ್ನ ಕಾಯೋನೇ ಅಲ್ವೇನ್ರಿ ಸಾಹೇಬ್ರೆ? ಒಂದು ಬೊಟ್ಟು ಇಡ್ಲಾ?"

"ಇಡಮ್ಮಾ, ಧಾರಾಳವಾಗಿ ಇಡು" ಎಂದು ತಾವೇ ಹೇಳಿದಿರಿ, ಆರತಿ ತೆಗೆದುಕೊಂಡಿರಿ, ಹೋಳಿಗೆ ಎರಡನೇ ಸಲ ಹಾಕಿಸಿಕೊಂಡಿರಿ. ಅವಳು ಕುಂಕುಮ ಇಟ್ಟದ್ದು ಸಿಲಿಂಡರಿನ ಹೊಟ್ಟೆಯ ಮೇಲೆ. ಯಾವ ದೇವರ ಬಾಯಿಗೂ ಕುಂಕುಮ ಮೆತ್ತುವ ಪದ್ಧತಿ ನಮ್ಮ ಕಡೆ ಇಲ್ಲ. ಚಿತ್ರದುರ್ಗದ ಕಚೇರಿಗಳಲ್ಲಿ ಇದ್ದರೆ ತಿಳಿಸಿ, ಕಲಿಯುತ್ತೇವೆ. ಅಂದು ತಮ್ಮ ಕಣ್ಣೆದುರಿನ ಭಕ್ತಿಯಾಗಿದ್ದದ್ದು ವರದಿಯಲ್ಲಿ ಮೌಢ್ಯವಾಯಿತಲ್ಲ, ಅದು ಹೇಗೆ? ಹೋಳಿಗೆ ಜೀರ್ಣವಾಗುವಷ್ಟರಲ್ಲಿ ಇಷ್ಟೆಲ್ಲ ಬದಲಾಗುತ್ತದೆಯೇ?

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೋಟಾರಿನ ತಂತಿಯ ಜೋಡಣೆಯಲ್ಲಿ ಕಿಡಿ ಹಾರಿ ನಾರಿನ ಪುಡಿಗೆ ಹತ್ತಿತು. ಮೋಟಾರು ನೋಡಿಕೊಳ್ಳುವ ಜುಂಜಣ್ಣ ತಕ್ಷಣ ಮೇನ್ ಸ್ವಿಚ್ ಎಳೆದ. ಆಗ ಬೆಂಕಿ ಒಂದು ಮೊರದಷ್ಟಗಲವಿತ್ತು. ಕರೆಂಟು ಹೋಗಿತ್ತು, ಬಾಗಿಲಲ್ಲಿ ಡ್ರಮ್ಮಿದ್ದಿದ್ದರೆ ನಾಲ್ಕು ಬಿಂದಿಗೆ ನೀರಿನ ಮಾತು. ಜುಂಜಣ್ಣ ಬಾವಿಗೆ ಓಡಿದ. ಬರಗೇರಮ್ಮ ಕೆಂಪಣ್ಣನನ್ನು ಇಳಿಸಿಕೊಂಡಳು. ತಾವು ಕಲಿಸಿದ್ದನ್ನು ಒಂದಕ್ಷರ ಬಿಡದೆ ಮಾಡಿದಳು, ತಲೆಕೆಳಗು ಮಾಡಿ ಕುಟ್ಟಿದಳು. ಏನೂ ಬರಲಿಲ್ಲ. ಮತ್ತೆ ಕುಟ್ಟಿದಳು. ಬೆಂಕಿ ನಾರಿನ ಒಟ್ಟಿಲು ಹತ್ತಿತು, ಸೂರು ಹಿಡಿಯಿತು. ಹೆಂಗಸರೆಲ್ಲ ಹೊರಗಿನಿಂದ ಕೂಗುತ್ತಿದ್ದರು.

"ಬಿಟ್ಟು ಬಾರೆ ಯಕ್ಕಾ! ಸೂರು ಬೀಳ್ತೈತೆ!"

"ತಡಿಯವ್ವಾ, ಈಗ ಬರ್ತೈತೆ, ಸಾಹೇಬ್ರು ಹೇಳ್ಯಾರೆ" ಎಂದು ಅವಳು ಒಳಗಿನಿಂದಲೇ ಹೇಳಿದಳು.

ನಾನೂ ಜುಂಜಣ್ಣನೂ ಹೋಗಿ ಎಳೆದುಕೊಂಡು ಬಂದೆವು. ಬಲಗೈ ಮೊಣಕೈಯವರೆಗೆ ಬೆಂದಿತ್ತು, ಆದರೂ ಸಿಲಿಂಡರನ್ನು ಬಿಟ್ಟಿರಲಿಲ್ಲ. ಮಾನ್ಯರೇ, ತಮ್ಮ ಮಾತನ್ನು ಅಷ್ಟು ನಂಬಿದವರು ತಮ್ಮ ಇಲಾಖೆಯಲ್ಲಿ ಯಾರಾದರೂ ಇದ್ದಾರೆಯೇ?

ಮಾರನೇ ದಿನ ಪೇಟೆಯ ಸೈಕಲ್ ಷಾಪಿನ ಮುರುಗಪ್ಪನವರು ಹತ್ತು ಜನರೆದುರು ಸ್ಪ್ಯಾನರ್ ಹಾಕಿ ಅದರ ಮುಚ್ಚಳ ತಿರುವಿದರು. ಒಳಗೆ ಹನಿ ನೀರಿಲ್ಲ, ಚಿಟಿಕೆ ಸೋಡಾ ಇಲ್ಲ. ತಳದಲ್ಲಿ ಕಣಜ ಕಟ್ಟಿದ ಒಣಮಣ್ಣಿನ ಗೂಡಿತ್ತು. ಕೊಳವೆ ಎಷ್ಟು ಚೊಕ್ಕಟವಾಗಿ ತೆರೆದಿತ್ತೆಂದರೆ ಕಣಜ ಸಂಸಾರ ಸಮೇತ ಓಡಾಡಿಕೊಂಡಿತ್ತು. ಭಾಷಣದಲ್ಲಿ ತೋರಿಸಲು ಊರೂರಿಗೆ ಹೊತ್ತು ತಿರುಗುತ್ತಿದ್ದ ಬರಿ ಡಬ್ಬಿಯನ್ನೇ ತಾವು ನನಗೆ ಕೊಟ್ಟಿರೋ, ತುಂಬಿಸುವುದನ್ನು ಮರೆತಿರೋ ನನಗೆ ಗೊತ್ತಿಲ್ಲ. ಮರೆವು ಮನುಷ್ಯರಿಗೆ ಸಹಜ, ಅದನ್ನಾದರೂ ಕ್ಷಮಿಸಬಹುದಿತ್ತು. ಆದರೆ ತಾವು ಸ್ಥಳಕ್ಕೆ ಬರಲಿಲ್ಲ, ಸಿಲಿಂಡರನ್ನು ನೋಡಲಿಲ್ಲ, ಕುರ್ಚಿಯಲ್ಲೇ ಕೂತು ವರದಿ ಬರೆದಿರಿ. ಕಚೇರಿಯ ಫಲಕದಲ್ಲಿ 'ಮೈಸೂರು' ಅಳಿಸಿ 'ಕರ್ನಾಟಕ' ಎಂದು ಚೆಂದವಾಗಿ ಬರೆಸಲು ತಮಗೆ ಬಿಡುವಾಯಿತು, ಹೊಸದುರ್ಗದ ಬಸ್ಸು ಹತ್ತಲು ಆಗಲಿಲ್ಲ. ಈಗ ಆ ಸಿಲಿಂಡರನ್ನು ಹಿಂದಿರುಗಿಸಬೇಕೆಂದು ಜವಾನನನ್ನು ಕಳಿಸಿದ್ದೀರಿ. ಅದು ಮುರುಗಪ್ಪನವರ ಅಂಗಡಿಯಲ್ಲಿದೆ, ಕೊಡುವುದಿಲ್ಲ. ನೋಡಬೇಕೆನ್ನುವವರು ಯಾವಾಗ ಬೇಕಾದರೂ ಬಂದು ನೋಡಬಹುದು.

ತಮ್ಮ ಗುಮಾಸ್ತರು ಆ ವರದಿಯನ್ನು ಸುಟ್ಟ ಶೆಡ್ಡಿನ ಮುಂದೆ, ಊರವರ ಎದುರು, ಗಟ್ಟಿಯಾಗಿ ಓದಿದರು. ಬರಗೇರಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಅಲ್ಲೇ ಕೂತಿದ್ದಳು. ತನ್ನ ಹೆಸರು ಬಂದಾಗ ತಲೆ ಎತ್ತಿದಳು, ಅಷ್ಟೆ. ಆಮೇಲೆ ಅವಳು ಕೆಲಸಕ್ಕೆ ಬರಲಿಲ್ಲ. ಯುಗಾದಿಗೆ ಅವಳ ಮನೆಗೆ ಹೋಗಿದ್ದೆ. ದೇವರ ಗೂಡಿನಲ್ಲಿ ದೀಪ ಹಚ್ಚಿದ್ದು ಅವಳ ಗಂಡ. ಕೇರಿಯವರು ಹೊಸ ಬಂಡಿಗೆ ಕುಂಕುಮ ಇಡಲು ಕರೆಯಬಂದರೆ, "ನನ್ ಕೈ ಬ್ಯಾಡ್ರಪ್ಪ, ಒಂದು ಶೆಡ್ಡು ಸುಟ್ಟಿದ್ದು ಸಾಕು" ಎಂದು ಬಾಗಿಲು ಹಾಕಿಕೊಂಡಳಂತೆ. ಅದನ್ನು ಕೇಳಿ ನಾನು ಅತ್ತೆ. ಅದನ್ನು ತಮ್ಮೆದುರು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸಿಲಿಂಡರು ಖಾಲಿ ಇತ್ತು, ನಿನ್ನದೇನೂ ತಪ್ಪಿಲ್ಲ ಎಂದು ನಾನು ಹೇಳಿ ನೋಡಿದೆ. ಜುಂಜಣ್ಣ ಆಣೆ ಮಾಡಿ ಹೇಳಿದ. ಅವಳು ನಮ್ಮಿಬ್ಬರ ಮುಖವನ್ನೂ ನೋಡಿ, "ನೀವು ನನ್ ಸಮಾಧಾನಕ್ಕೆ ಹೇಳ್ತೀರ. ಸರ್ಕಾರದೋರು ಬರ್ದಿರೋದು ಸುಳ್ಳಾಗ್ತೈತೇನವ್ವಾ?" ಎಂದಳು.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾವು. ಬೇರೇನೂ ಬೇಡ, ಹೊಸ ಸಿಲಿಂಡರೂ ಬೇಡ. ವರದಿಯನ್ನು ತಿದ್ದಿ. ತಿದ್ದಿದ ಮೇಲೆ ಅಂಚೆಯಲ್ಲಿ ಕಳಿಸಬೇಡಿ, ಅವಳಿಗೆ ಓದಲು ಬರುವುದಿಲ್ಲ. ತಾವೇ ಬನ್ನಿ. ಅವಳ ಮನೆಯ ಜಗುಲಿಯ ಮೇಲೆ ಕೂತು, "ನಾನು ಬರೆದದ್ದು ಸುಳ್ಳು" ಎಂದು ತಮ್ಮ ಬಾಯಿಂದಲೇ ಹೇಳಿ. ಈ ಊರಿನಲ್ಲಿ ತಮ್ಮ ಮಾತನ್ನು ಇನ್ನೂ ನಂಬುತ್ತಿರುವವಳು ಅವಳೊಬ್ಬಳೇ.

ಇಂತಿ,
ತಮ್ಮ ಸಲಹೆಯನ್ನು ತಪ್ಪದೆ ಪಾಲಿಸಿ ಸುಟ್ಟುಕೊಂಡ,
ಏಕಾಂತಮ್ಮ
ಹೊಸದುರ್ಗ, ಏಪ್ರಿಲ್ ೧೯೭೪