ಗುಂಡಿ ಹಾಕುವುದೊಂದೇ ಬಾಕಿ

ಅಂಗಡಿ ಮೇಲಿನ ಮನೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಕಣ್ಣು ಹೇಗಿದೆ? ಹನಿಮದ್ದು ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲಾ ‘ಆಮೇಲೆ’ ಅಂತ ಅಕ್ಕನನ್ನು ಸಾಗಹಾಕುತ್ತಿದ್ದೀರಾ? ಈ ಕಾಗದ ಓದಿ ಹೇಳುವವಳು ಅವಳೇ ಆದ್ದರಿಂದ, ನಡುವೆ ಅವಳ ಹೊಗಳಿಕೆ ಬಂದರೆ ಅದು ನನ್ನದಲ್ಲ ಅಂತ ತಿಳಿಯಿರಿ. ಅಮ್ಮ ಚೆನ್ನಾಗಿದ್ದಾಳೆ. ನೀವು ಅಕ್ಕನ ಮನೆಗೆ ಹೋದಮೇಲೆ ಇಲ್ಲೆಲ್ಲ ಚೊಕ್ಕಟವಾಗಿದೆ ಅಂತ ಕಂಡವರಿಗೆಲ್ಲ ಹೇಳುತ್ತಾಳೆ. ಆದರೆ ಹೊಲಿಗೆ ಮಿಷನ್ನಿನ ಮೇಲೆ ನೀವು ಬಿಟ್ಟುಹೋದ ಟೇಪನ್ನು ಮಾತ್ರ ಸುತ್ತಿಟ್ಟಿಲ್ಲ. ಗಿರಾಕಿಗಳು ದಿನವೂ ಮೆಟ್ಟಿಲು ಹತ್ತಿ ಬರುತ್ತಾರೆ. ನೀವು ಫೋನಿನಲ್ಲಿ ಹೇಳುವ ‘ಮುಂದಿನ ಸೋಮವಾರ’ವನ್ನೇ ಅವಳು ಅವರಿಗೆ ಒಪ್ಪಿಸುತ್ತಾಳೆ. ಸೋಮವಾರಗಳು ಬಂದು ಹೋಗುತ್ತಲೇ ಇವೆ, ನೀವು ಮಾತ್ರ ಬರಲಿಲ್ಲ.

ಆಟದ ಕಂಪನಿಯಲ್ಲಿ ಕೂತು ಅದೇನು ಕಡಿಯುತ್ತೀಯ ಅಂತ ಕೇಳುತ್ತಿದ್ದಿರಲ್ಲ, ಈ ವಾರ ನಿಜವಾಗಿಯೂ ಕಡಿದೆ. ನಮ್ಮದು ದೋಣಿ ಆಟ. ಜನ ಅವರವರ ಮನೆಯಲ್ಲೇ ಕೂತು ಫೋನಿನಲ್ಲಿ ಒಂದೇ ಸಮುದ್ರದಲ್ಲಿ ಮೀನು ಹಿಡಿಯುತ್ತಾರೆ. ಆ ಸಮುದ್ರವೆಲ್ಲ ಇರುವುದು ಸರ್ವರ್ ಎಂಬ ಯಂತ್ರಗಳಲ್ಲಿ. ಅವನ್ನು ರಿಪೇರಿ ಮಾಡಬೇಕಾದರೆ ಆಟ ನಿಲ್ಲಿಸಲೇಬೇಕು. ಓಡುವ ಮಿಷನ್ನಿಗೆ ಎಣ್ಣೆ ಬಿಡಲು ಹೋಗಿ ಬೆರಳು ಹೊಲಿದುಕೊಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆ ನಿಲ್ಲಿಸುವಾಗ ಪ್ರಕಟಣೆ ಬರೆಯುವುದು ನನ್ನ ಕೆಲಸ.

ಗುರುವಾರ ಬೆಳಗ್ಗೆ ಎಂಟಕ್ಕೆ ಆಟ ಮತ್ತೆ ಶುರು ಅಂತ ಬರೆದಿದ್ದೆ. ಎಂಟಾಯಿತು, ಆಗಲಿಲ್ಲ. ‘ಇನ್ನೊಂದು ಗಂಟೆ’ ಅಂತ ಹಾಕಿದೆ. ಆಮೇಲೆ ಮತ್ತೊಂದು ಗಂಟೆ, ಮತ್ತೂ ಒಂದು. ಜನ ನನ್ನನ್ನು ಉಪ್ಪುಖಾರ ಹಚ್ಚಿ ಅರೆದರು. ಆಟಕ್ಕೆಂದೇ ರಜೆ ಹಾಕಿದವನೊಬ್ಬ ‘ನಿಮ್ಮ ಗಂಟೆಗೆ ಎಷ್ಟು ನಿಮಿಷ ಸ್ವಾಮೀ?’ ಅಂತ ಕೇಳಿದ. ದೋಣಿ ತುಂಬ ಮೀನು ಹಿಡಿದಿಟ್ಟಿದ್ದ ಅಜ್ಜಿಯೊಬ್ಬರು ‘ನನ್ ಮೀನು ಕೊಳೆತ್ರೆ ನಿಮ್ಮನ್ನ ಬಿಡಲ್ಲ’ ಅಂತ ಬರೆದರು. ಒಳಗೆ ಹೋಗಿ ಇಂಜಿನಿಯರನ್ನು ಕೇಳಿದರೆ, ಅವನು ಕಡಲೆಕಾಯಿ ಸುಲಿಯುತ್ತಾ ‘ನಂಗೇ ಗೊತ್ತಿಲ್ಲ ಕಣೆ’ ಅಂದ. ಮ್ಯಾನೇಜರ್ ಮಾತ್ರ ‘ಇನ್ನರ್ಧ ಗಂಟೆ ಅಂತ ಹಾಕು, ಎಲ್ಲಾ ಮುಗೀತು, ಟೆಸ್ಟಿಂಗ್ ಒಂದೇ ಬಾಕಿ ಅನ್ನು’ ಅಂದರು.

ಅಪ್ಪಾ, ಅದನ್ನು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಬಟ್ಟೆಗೆ ಕತ್ತರಿಯನ್ನೇ ಹಾಕದೆ ಪರದೆ ಹಿಂದೆ ಬಚ್ಚಿಟ್ಟುಕೊಂಡು, ನನ್ನನ್ನು ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿ ‘ಗುಂಡಿ ಹಾಕೋದೊಂದೇ ಬಾಕಿ ಅನ್ನು’ ಅಂತ ಪಿಸುಗುಡುತ್ತಿದ್ದಿರಲ್ಲ! ಹಲ್ಲು ಬಿದ್ದ ಬಾಯಲ್ಲಿ ನಾನು ಅದನ್ನೇ ಹೇಳಿ ಎಷ್ಟು ಜನರನ್ನು ಬೆಂಚಿನ ಮೇಲೆ ಕೂರಿಸಿದ್ದೆ. ಒಮ್ಮೆ ನಮ್ಮ ಶಾಲೆಯ ಹೆಡ್‌ಮಿಸ್ ಹೊಲಿಯಲು ಕೊಟ್ಟಿದ್ದ ಕೋಟು ಕೇಳಲು ಬಂದು, ಪರದೆಯ ಕೆಳಗೆ ನಿಮ್ಮ ಕಾಲು ನೋಡಿ, ‘ಆಗಿಲ್ಲ ಅಂದ್ರೆ ಆಗಿಲ್ಲ ಅನ್ನು ಮಗು. ನಾನು ಹಳೇದನ್ನೇ ಹಾಕ್ಕೊಂಡು ಹೋಗ್ತೀನಿ. ಸುಮ್ನೆ ಕೂರಿಸ್ಬೇಡ’ ಅಂದಿದ್ದರು.

ಹಾಗಾಗಿ ಮ್ಯಾನೇಜರನ್ನು ಕೇಳದೆ ಬರೆದುಬಿಟ್ಟೆ: ‘ಯಾವಾಗ ಸರಿಹೋಗುತ್ತದೋ ನಮಗೇ ಗೊತ್ತಿಲ್ಲ. ಹೊಸ ಯಂತ್ರ ಹಳೆಯದರ ಜತೆ ಹೊಂದಿಕೊಳ್ಳುತ್ತಿಲ್ಲ. ಕಾಯಬೇಡಿ, ಊಟ ಮಾಡಿ ಮಲಗಿ. ಎಲ್ಲಿಗೆ ಬಂತು ಅಂತ ಮೂರು ಗಂಟೆಗೆ ಹೇಳುತ್ತೇನೆ. ಯಾರ ಮೀನೂ ಕೊಳೆಯುವುದಿಲ್ಲ.’ ಕೆಲಸ ಹೋಯಿತು ಅಂತಲೇ ಬ್ಯಾಗಿಗೆ ನೀರಿನ ಬಾಟಲಿ ತುಂಬಿಕೊಂಡೆ. ಆದರೆ ಜನ ಬೈಯುವುದನ್ನು ಬಿಟ್ಟು ತಮಾಷೆಗೆ ಇಳಿದರು! ಮೀನಿನ ಅಜ್ಜಿ ‘ಸದ್ಯ, ಬಟ್ಟೆ ಬೀರು ಜೋಡಿಸ್ತೀನಿ’ ಅಂದರು. ರಜೆಯವನು ಹೆಂಡತಿ ಜತೆ ವಾಕಿಂಗ್ ಹೋದನಂತೆ, ಅವಳು ಗಾಬರಿಯಾದಳಂತೆ. ಮೂರಕ್ಕೆ ‘ಇನ್ನೂ ಇಲ್ಲ’ ಅಂತ ಬರೆದರೆ ‘ಪರವಾಗಿಲ್ಲ’ ಅಂದರು. ಸಂಜೆ ಆಟ ಶುರುವಾಯಿತು, ಒಬ್ಬರೂ ಬಿಟ್ಟುಹೋಗಿರಲಿಲ್ಲ. ಮ್ಯಾನೇಜರ್ ನನ್ನ ಮುಖ ನೋಡದೆ ‘ಮುಂದಿನ ಸಲಾನೂ ನೀನೇ ಬರಿ’ ಅಂದು ಹೋದರು.

ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ. ಅಮ್ಮ ನಿಮಗೆ ಬೇಕಂತಲೇ ಏನೂ ಹೇಳಿಕಳಿಸಿಲ್ಲ, ಅರ್ಥಮಾಡಿಕೊಳ್ಳಿ.

ನಿಮ್ಮ ಸ್ಟೂಲಿನ ಮೇಲಿನ
ಚಿಕ್ಕವಳು

ಮರೆತಿದ್ದೆ: ಅಕ್ಕಾ, ಇದನ್ನೂ ಜೋರಾಗಿ ಓದು, ನುಂಗಬೇಡ. ಅಪ್ಪಾ, ಸೂಜಿಗೆ ದಾರ ಪೋಣಿಸಲು ನಿಮಗೆ ಇನ್ನೂ ಆಗುತ್ತಿಲ್ಲ, ಅದಕ್ಕೇ ಬರುತ್ತಿಲ್ಲ ಅಂತ ಗೊತ್ತಾಯಿತು. ಹೇಳಿದವಳನ್ನು ಬೈಯಬೇಡಿ. ನಿನ್ನೆ ಶಟರಿನ ಮೇಲಿದ್ದ ‘ಸೋಮವಾರ’ದ ಬೋರ್ಡು ಕಿತ್ತು, ‘ಟೈಲರ್ ಕಣ್ಣು ಇನ್ನೂ ಸರಿಹೋಗಿಲ್ಲ. ಯಾವಾಗ ಅಂತ ಗೊತ್ತಿಲ್ಲ. ಬಟ್ಟೆ ವಾಪಸ್ ಬೇಕಾದವರು ಮೇಲೆ ಬನ್ನಿ’ ಅಂತ ಹಾಕಿದೆ. ಮೇಲೆ ಬಂದವರಲ್ಲಿ ಮದುವೆ ಗಡಿಬಿಡಿಯ ಒಬ್ಬ ಹುಡುಗ ಬಿಟ್ಟರೆ ಯಾರೂ ಬಟ್ಟೆ ಕೇಳಲಿಲ್ಲ, ನಿಮ್ಮನ್ನೇ ಕೇಳಿದರು. ಹೆಡ್‌ಮಿಸ್ ಕೋಲೂರಿಕೊಂಡು ಬಂದು ಹೊಸ ಕೋಟಿನ ಬಟ್ಟೆಯನ್ನೇ ಕೊಟ್ಟುಹೋದರು. ‘ಆದಾಗ ಆಗ್ಲಿ’ ಅಂದರು. ಕಣ್ಣು ಸರಿಹೋಗುವವರೆಗೆ ಅಲ್ಲೇ ಇರಬೇಡಿ, ಮನೆಗೆ ಬನ್ನಿ ಅಪ್ಪಾ. ದಾರ ನಾನು ಪೋಣಿಸಿಕೊಡುತ್ತೇನೆ.