ರಬ್ಬರಿಗೂ ಅಂಟಿಗೂ ನಡುವಿನ ಬೆಂಕಿ

ಪೂರೈಕೆದಾರರ ಸಾಧನೆಗೆ ಅಂಕ ಹಾಕುವ ವಿಭಾಗದ ಮುಖ್ಯಸ್ಥರೇ,

ನಿಮ್ಮ ಕಂಪನಿಯ ಉಸಿರಾಟದ ಯಂತ್ರಗಳು ರೋಗಿಗಳ ಮಂಚದ ಪಕ್ಕದಲ್ಲೇ ಹೊತ್ತಿಕೊಳ್ಳಬಹುದು. ಇದನ್ನು ನಿಮ್ಮ ಕಿವಿಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈಗ ಎಲ್ಲರೆದುರು ಹೇಳುತ್ತಿದ್ದೇನೆ.

ಆ ಯಂತ್ರದ ಬ್ಯಾಟರಿ ಪೆಟ್ಟಿಗೆಗೆ ತೇವ ನುಗ್ಗದಂತೆ ತಡೆಯುವ ರಬ್ಬರ್ ಪಟ್ಟಿ ಮಾಡುತ್ತಿದ್ದವಳು ನಾನು. ಪೆಟ್ಟಿಗೆ ಜೋಡಿಸುತ್ತಿದ್ದವರು ನನ್ನ ಭಾವ, ಅಕ್ಕನ ಗಂಡ. ನಮ್ಮ ಕಾರ್ಖಾನೆಗಳ ನಡುವೆ ಇರುವುದು ಒಂದೇ ಗೋಡೆ. ಆದರೂ ಕೆಲಸದ ವಿಷಯವನ್ನು ನಾವು ನೇರವಾಗಿ ಮಾತಾಡಕೂಡದು, ಏನಿದ್ದರೂ ನಿಮ್ಮ ಮೂಲಕವೇ ಎಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದಿರಿ. ಆ ಷರತ್ತಿಗೆ ನೀವಿಟ್ಟ ಹೆಸರು 'ಸಹಕಾರ ನೀತಿ'! ಊಟಕ್ಕೆ ಕೂತಾಗ ಭಾವನಿಗೆ ಉಪ್ಪು ದಾಟಿಸಬಹುದಿತ್ತು, ರಬ್ಬರಿನ ಸುದ್ದಿ ಎತ್ತುವಂತಿರಲಿಲ್ಲ.

ಒಂದು ಮಧ್ಯಾಹ್ನ ಭಾವ ನಿಮ್ಮ ನೀತಿಯನ್ನು ಗಾಳಿಗೆ ತೂರಿ, ಬಕೆಟ್ಟಿನಲ್ಲಿ ಬ್ಯಾಟರಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ತಪ್ಪು ನಿಂದೋ ನಂದೋ ಗೊತ್ತಿಲ್ಲಮ್ಮ. ಜಗಳ ಆಮೇಲೆ ಆಡೋಣ. ಮೊದಲು ಇದನ್ನ ನೋಡು."

ಪೆಟ್ಟಿಗೆ ಉಬ್ಬಿತ್ತು. ಕಾರಣ ಹುಡುಕಲು ಇಬ್ಬರೂ ಕೂತೆವು. ನನ್ನ ರಬ್ಬರ್ ಚೆನ್ನಾಗಿತ್ತು, ಅವರು ಬಳಸಿದ ಅಂಟೂ ಚೆನ್ನಾಗಿತ್ತು. ಆದರೆ ಎರಡೂ ತಾಗಿಕೊಂಡು ಬಿಸಿಯಲ್ಲಿದ್ದರೆ ರಬ್ಬರ್ ಮೆತ್ತಗಾಗಿ ಲೋಳೆಯಾಗುತ್ತಿತ್ತು. ಅಲ್ಲಿಂದ ತೇವ ಬ್ಯಾಟರಿಯೊಳಕ್ಕೆ ಇಳಿಯುತ್ತಿತ್ತು, ಬ್ಯಾಟರಿ ಕಾದು ಉಬ್ಬುತ್ತಿತ್ತು. ಹಾಗೇ ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಇಂಥದ್ದೇ ರಬ್ಬರ್, ಇಂಥದ್ದೇ ಅಂಟು ಎಂದು ಆರಿಸಿಕೊಟ್ಟವರು ನೀವೇ ಅಲ್ಲವೇ?

ಅಂದೇ ಇಬ್ಬರೂ ಮಾಲು ಕಳಿಸುವುದನ್ನು ನಿಲ್ಲಿಸಿದೆವು. ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಮೇಡಂ, ನಿಮ್ಮ ಮಾಲು ಪರೀಕ್ಷೆಯಲ್ಲಿ ಪಾಸು. ಅವರದೂ ಪಾಸು. ಮತ್ತೆ ತೊಂದರೆ ಎಲ್ಲಿದೆ?" ಎಂದರು ನಿಮ್ಮ ಅಧಿಕಾರಿ.

"ಎರಡರ ಮಧ್ಯೆ ಇದೆ, ಸಾರ್."

"ಮಧ್ಯೆ ಅಂತ ನಮ್ಮಲ್ಲಿ ಕಾಲಂ ಇಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದರು: "ಅಂದಹಾಗೆ, ಅವರ ಹತ್ತಿರ ನೀವು ಮಾತಾಡಿದ್ದು ಹೇಗೆ?"

ಆಮೇಲೆ ನಡೆದದ್ದನ್ನು ನಿಮಗೆ ಹೇಳಬೇಕಿಲ್ಲ. ಮಾಲು ತಡ ಮಾಡಿದ್ದಕ್ಕೆ ಅಂಕಪಟ್ಟಿಯಲ್ಲಿ ಕೆಂಪು ಗುರುತು, ಮಾತಾಡಿದ್ದಕ್ಕೆ ಇನ್ನೊಂದು. ನಮ್ಮಿಬ್ಬರನ್ನೂ ಕೈಬಿಟ್ಟು ಕೆಲಸವನ್ನು ಬೇರೆ ಇಬ್ಬರಿಗೆ ಒಪ್ಪಿಸಿದಿರಿ. ಅದೇ ರಬ್ಬರ್, ಅದೇ ಅಂಟು. ಅವರು ಯಾರು ಎಂದು ಕೇಳಿದರೆ ಗೋಪ್ಯವಂತೆ. ಅವರಿಗೆ ಒಬ್ಬರಿಗೊಬ್ಬರ ಪರಿಚಯವೂ ಇರಲಾರದು. ಉಬ್ಬಿದ ಬ್ಯಾಟರಿಯನ್ನು ಬಕೆಟ್ಟಿನಲ್ಲಿ ಹಿಡಿದು ಅವರು ಯಾರ ಮನೆ ಬಾಗಿಲಿಗೆ ಹೋಗಬೇಕು? ಹೊತ್ತಿಗೆ ಸರಿಯಾಗಿ ಮಾಲು ಕಳಿಸಿದ್ದಕ್ಕೆ ಇಬ್ಬರಿಗೂ ಹಸಿರು ಗುರುತು ಬೀಳುತ್ತಿರಬೇಕು. ಅಭಿನಂದನೆಗಳು.

ಕಳೆದ ವಾರ ಅಕ್ಕ ಓಡಿಬಂದಳು. ಹಿಂದಿನ ಬೀದಿಯ ದರ್ಜಿ ಹೆಂಗಸಿನ ಗಂಡನಿಗೆ ನಿಮ್ಮ ಹೊಸ ಯಂತ್ರ ತಂದಿದ್ದಾರೆ ಎಂದಳು. ಭಾವನೂ ನಾನೂ ಹೋದೆವು. ಆತ ಒರಗಿ ಕೂತಿದ್ದರು, ಮೂಗಿಗೆ ನಳಿಕೆ. ಯಂತ್ರದ ಪಕ್ಕ ಸವರಿದೆ. ಬಿಸಿಯಾಗಿತ್ತು, ಸ್ವಲ್ಪ ಉಬ್ಬಿಯೂ ಇತ್ತು.

"ಇದನ್ನ ಈಗಲೇ ಆಫ್ ಮಾಡಿ," ಎಂದರು ಭಾವ.

"ಆಫ್ ಮಾಡಿದ್ರೆ ಇವರು ಉಸಿರಾಡೋದು ಹೇಗಣ್ಣ?" ಎಂದಳು ದರ್ಜಿ.

ಭಾವ ಓಡಿಹೋಗಿ ಆಮ್ಲಜನಕದ ಸಿಲಿಂಡರ್ ತರುವವರೆಗೂ ಆಕೆ ಗಂಡನ ಕೈ ಹಿಡಿದು ನಿಂತಿದ್ದಳು. ಸಿಲಿಂಡರಿನ ನಳಿಕೆ ಮೂಗಿಗೆ ಹಾಕಿದ ಮೇಲೆ ಯಂತ್ರ ಆಫ್ ಮಾಡಿ ಬ್ಯಾಟರಿ ಬಿಚ್ಚಿದೆವು.

ಅದು ನಮ್ಮ ಹಿಂದಿನ ಬೀದಿಯಲ್ಲಿತ್ತು, ಕಣ್ಣಿಗೆ ಬಿತ್ತು. ಮಿಕ್ಕವು ಯಾರ ಮಲಗುವ ಕೋಣೆಯಲ್ಲಿವೆ? ಅದು ಗೊತ್ತಿರುವುದು ನಿಮಗೊಬ್ಬರಿಗೇ. ಆ ಮನೆಗಳಿಗೆ ಇವತ್ತೇ ಸುದ್ದಿ ಮುಟ್ಟಿಸಿ. ಮೊದಲು ಸಿಲಿಂಡರ್ ಕಳಿಸಿ, ಆಮೇಲೆ ಯಂತ್ರ ವಾಪಸ್ ತರಿಸಿ. ನಮಗೆ ಕೆಲಸ ಮರಳಿ ಕೊಡಬೇಡಿ, ಬೇಕಾಗಿಲ್ಲ. ಹೊಸಬರಿಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಲು ಬಿಡಿ, ಅಷ್ಟು ಸಾಕು.

ದರ್ಜಿಯ ಮನೆಯ ಯಂತ್ರದಿಂದ ಬಿಚ್ಚಿದ ಬ್ಯಾಟರಿಯನ್ನು ಭಾವ ಅಂಗಳದಲ್ಲಿ ಮರಳು ತುಂಬಿದ ಡ್ರಮ್ಮಿನೊಳಗೆ ಹೂತಿಟ್ಟಿದ್ದರು. ಇವತ್ತು ಬೆಳಿಗ್ಗೆ ಮರಳಿನಿಂದ ಹೊಗೆ ಏಳುತ್ತಿತ್ತು.

ಇಂತಿ,
ಬಾಯಿಬಿಟ್ಟು ಅಂಕ ಕಳೆದುಕೊಂಡ
ರಬ್ಬರ್ ಪಟ್ಟಿಯವಳು