ಪಾಪು ಇರುವ ಚೌಕ

ಅತ್ತೆಯವರಿಗೆ ನಮಸ್ಕಾರ. ನಾನು ಸುಖವಾಗಿ ತಲುಪಿದೆ, ನಿದ್ದೆ ಮಾತ್ರ ಇನ್ನೂ ತಲುಪಿಲ್ಲ. ಇಲ್ಲಿ ಆರೋಗ್ಯ ತರಬೇತಿಯ ಕೋಣೆಯಲ್ಲಿ, ಪರದೆಯ ಮೇಲೆ ಇಡೀ ಊರೊಂದು ತಲೆಗೊಂದರಂತೆ ಚುಕ್ಕಿಗಳಾಗಿ ತೇಲುತ್ತದೆ. ಶುಚಿಯಾಗಿ ಉಣ್ಣಬೇಕೆಂದು ತಿಳಿದವರದು ಒಂದು ಚೌಕ, ತಿಳಿಯದವರದು ಇನ್ನೊಂದು, ಹೊಟ್ಟೆ ಕೆಟ್ಟು ಮಲಗಿದವರದು ಮೂರನೆಯದು. ರೇಡಿಯೊದಲ್ಲಿ ಪ್ರಚಾರ ಜೋರಾದರೆ ಚುಕ್ಕಿಗಳು ತಿಳಿದವರ ಚೌಕಕ್ಕೆ ಸರಿಯುತ್ತವೆ. ನಿಂತರೆ ಎಲ್ಲ ಮರೆತು, ನಿದ್ದೆಗಣ್ಣಿನಲ್ಲಿ ನಡೆದಂತೆ ಮೆಲ್ಲಗೆ ಹಿಂದಿರುಗುತ್ತವೆ.

"ಸರ್, ಒಂಬತ್ತು ತಿಂಗಳ ಮಗು ಯಾವ ಚೌಕದಲ್ಲಿರುತ್ತೆ?" ಎಂದು ಈ ಚುಕ್ಕಿಗಳ ಲೆಕ್ಕ ಕಲಿಸುವ ಮೇಷ್ಟ್ರನ್ನು ಕೇಳಿದೆ.

"ಮಗುಗೆಲ್ಲಿ ಸ್ವಂತ ಚೌಕ ಬಂತಮ್ಮ? ಉಣಿಸೋರು ಎಲ್ಲಿರ್ತಾರೋ ಅಲ್ಲೇ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಹೋದ ತಿಂಗಳು ಪಾಪುಗೆ ಭೇದಿಯಾದಾಗ ಮನೆಯವರೆಲ್ಲ ನೀವು ಉಣಿಸಿದ ಅನ್ನವನ್ನೇ ದೂರಿದರು. "ನಾನೇನು ಮಕ್ಕಳನ್ನ ಸಾಕಿಲ್ವಾ?" ಎಂದು ನೀವು ಕಣ್ಣೊರೆಸಿಕೊಂಡಿರಿ. ಅದರ ಹಿಂದಿನ ದಿನ ಬಾಟಲಿ ಕುದಿಸದೆ ಹಾಲು ಕೊಟ್ಟವಳು ನಾನು. ಎಲ್ಲ ತಿಳಿದವಳೇ, ತೂಕಡಿಕೆಯಲ್ಲಿ ಮರೆತೆ. ಆಮೇಲೆ ಹೇಳಲು ಬಾಯಿ ಬರಲಿಲ್ಲ.

ಹೊರಡುವಾಗ ಇದ್ದ ನನ್ನ ಕೆಮ್ಮು ಕಡಿಮೆಯಾಗಿದೆ. ನಾನು ಬರುವವರೆಗೆ ಪಾಪು ನಿಮ್ಮ ಕೈಯಲ್ಲೇ ಉಣ್ಣಲಿ, ಬೇರೆಯವರಿಗೆ ಕೊಡಬೇಡಿ. ಇದನ್ನು ಲಕೋಟೆಯಲ್ಲಿ ಹಾಕದೆ ಬೇಕೆಂದೇ ಅಂಚೆ ಕಾರ್ಡಿನಲ್ಲಿ ಬರೆದಿದ್ದೇನೆ. ಮೊದಲು ಅಂಚೆಯವರು ಓದಲಿ, ಆಮೇಲೆ ಮನೆಯವರೆಲ್ಲರೂ.

ನಿಮ್ಮ ಸೊಸೆ